ರಿವಿಟ್ ಇರುವ ಲಾರಿ ಬಾಡಿಗೆ ಸ್ಟಿಕರ್ ಹಚ್ಚಿಸುವ ಮುನ್ನ ತಿಳಿದಿರಬೇಕಾದದ್ದು

ಸೇಲಂ: ಹೊಸ ಚಾಸಿ ಕೊಂಡ ಲಾರಿ ಮಾಲೀಕರು ಬಾಡಿ ಕಟ್ಟಿಸಲು ಹುಡುಕಿಕೊಂಡು ಹೋಗುವ ಊರುಗಳಲ್ಲಿ ನಾಮಕ್ಕಲ್‌ಗೆ ಮೊದಲ ಸ್ಥಾನ. ಪಕ್ಕದ ಸಂಕಗಿರಿ ಲಾರಿ ಮಾಲೀಕರ ಊರೆಂದೇ ಹೆಸರಾಗಿದೆ. ತಿರುಚೆಂಗೋಡಿನ ಬೋರ್‌ವೆಲ್ ಲಾರಿಗಳು ಕರ್ನಾಟಕದ ಹಳ್ಳಿ ಹಳ್ಳಿಗೂ ಪರಿಚಿತ. 1997ರಲ್ಲಿ ನಾಮಕ್ಕಲ್ ಪ್ರತ್ಯೇಕ ಜಿಲ್ಲೆಯಾಗುವವರೆಗೆ ಈ ಮೂರೂ ಊರುಗಳು ಸೇಲಂ ಜಿಲ್ಲೆಯಲ್ಲೇ ಇದ್ದವು. ಹೀಗಾಗಿ ಧರ್ಮಪುರಿ, ಪೆನ್ನಾಗರ, ಹೊಸೂರು, ಡೆಂಕಣಿಕೋಟೆ ಕಡೆಯ ಲಾರಿಯವರಿಗೆ ಬಾಡಿ ಕೆಲಸವೆಂದರೆ ಇಂದಿಗೂ 'ಸೇಲಂ ಕಡೆ ಪಟ್ಟರೆ'ಯೇ.

ಹಿಂದೆ ಬಾಡಿ ಸಿದ್ಧವಾದ ಮೇಲೆ ಪೇಂಟರ್ ಬರುತ್ತಿದ್ದರು. ಹದ್ದು, ಹಸು-ಕರು, ಕಮಲ, ಮಕ್ಕಳ ಹೆಸರು, 'ಮುನಿಯಪ್ಪನ್ ತುಣೈ' ಅಥವಾ 'ಮಾದಪ್ಪನ ಕೃಪೆ' ಎಲ್ಲವೂ ಕುಂಚದಲ್ಲೇ ಆಗುತ್ತಿತ್ತು. ರಿವಿಟ್ ಇದ್ದರೂ ಇಲ್ಲದಿದ್ದರೂ ಕುಂಚಕ್ಕೆ ವ್ಯತ್ಯಾಸವಿಲ್ಲ, ಬಣ್ಣ ಹರಿದುಕೊಂಡು ತಲೆಯ ಮೇಲೂ ಕೂರುತ್ತದೆ. ಕಂಪ್ಯೂಟರ್ ಕಟಿಂಗ್ ಮತ್ತು ಫ್ಲೆಕ್ಸ್ ಮುದ್ರಣ ಬಂದ ಮೇಲೆ ಈ ಕೆಲಸದ ದೊಡ್ಡ ಪಾಲು ವಿನೈಲ್ ಸ್ಟಿಕರ್‌ಗೆ ಹೋಗಿದೆ. ಮುಚ್ಚಿದ ಕಂಟೈನರ್ ಬಾಡಿ, ಹಾಲಿನ ವ್ಯಾನು, ಮೊಟ್ಟೆ ಲಾರಿ, ಪಾರ್ಸೆಲ್ ಕಂಪನಿಯ ಗಾಡಿ ಎಲ್ಲದರ ಪಕ್ಕಗಳಲ್ಲೂ ಈಗ ಸ್ಟಿಕರ್ ಕಾಣುತ್ತದೆ.

ತೊಂದರೆ ಶುರುವಾಗುವುದೂ ಇಲ್ಲಿಯೇ. ಮುಚ್ಚಿದ ಬಾಡಿಯನ್ನು ಸಾಮಾನ್ಯವಾಗಿ ಉಕ್ಕಿನ ಚೌಕಟ್ಟಿನ ಮೇಲೆ ಅಲ್ಯೂಮಿನಿಯಂ ಅಥವಾ ಜಿ.ಐ. ತಗಡನ್ನು ರಿವಿಟ್ ಹೊಡೆದು ಕಟ್ಟುತ್ತಾರೆ. ಒಂದೊಂದು ಪಕ್ಕದಲ್ಲೂ ಸಾಲು ಸಾಲಾಗಿ ನೂರಾರು ರಿವಿಟ್ ಇರುತ್ತವೆ. ಹಚ್ಚಿದ ದಿನ ಕನ್ನಡಿಯಂತೆ ಕಂಡ ಸ್ಟಿಕರ್, ಒಂದು ಬೇಸಿಗೆ ಕಳೆಯುವಷ್ಟರಲ್ಲಿ ಪ್ರತಿ ರಿವಿಟ್ ಸುತ್ತ ಬಿಳಿಯ ಉಂಗುರದಂತೆ ಎದ್ದು ನಿಲ್ಲುತ್ತದೆ. ಆ ಉಂಗುರದೊಳಗೆ ಧೂಳು ಸೇರಿ ಕಪ್ಪಾಗುತ್ತದೆ, ಮಳೆ ನೀರು ಇಳಿಯುತ್ತದೆ, ಕೊನೆಗೆ ಹಾಳೆ ಹರಿಯುತ್ತದೆ. ಒಂದೇ ಲಾರಿಯ ದುಡಿಮೆಯಲ್ಲಿ ಸಾಲದ ಕಂತು ಕಟ್ಟುವ ಮನೆಗೆ ಈ ಖರ್ಚು ಎರಡನೇ ಸಲ ಬಂದರೆ ಸಣ್ಣದಲ್ಲ.

ರಿವಿಟ್ ತಲೆಯ ಮೇಲೆ ನಡೆಯುವುದೇನು?

ಸ್ಟಿಕರ್ ಎಂಬುದು ಚಪ್ಪಟೆ ಹಾಳೆ, ರಿವಿಟ್ ತಲೆ ಗುಂಡಗಿನ ಉಬ್ಬು. ಚಪ್ಪಟೆ ಹಾಳೆ ಉಬ್ಬಿನ ಮೇಲೆ ಪೂರ್ತಿ ಕೂರಬೇಕಾದರೆ ಅದು ಹಿಗ್ಗಲೇಬೇಕು. ಎಷ್ಟು ಹಿಗ್ಗಬೇಕು ಎಂಬುದಕ್ಕೆ ಶಾಲೆಯ ಲೆಕ್ಕವೇ ಸಾಕು. ಮುಚ್ಚಿದ ಬಾಡಿಗಳಲ್ಲಿ ಹೆಚ್ಚಾಗಿ ಬಳಸುವ ಪಾಪ್ ರಿವಿಟ್‌ನ ತಲೆ ಸುಮಾರು 9.5 ಮಿ.ಮೀ. ಅಗಲ, ಒಂದೂವರೆ ಮಿ.ಮೀ. ಎತ್ತರ ಇರುತ್ತದೆ. ಅದರ ಮೇಲ್ಮೈ ಅದೇ ಅಗಲದ ಚಪ್ಪಟೆ ವೃತ್ತಕ್ಕಿಂತ ಶೇಕಡಾ 10ರಷ್ಟು ಹೆಚ್ಚು. ಹಳೆಯ ಗುಂಡು ತಲೆಯ ರಿವಿಟ್ 16 ಮಿ.ಮೀ. ಅಗಲ, 5 ಮಿ.ಮೀ. ಎತ್ತರ ಇದ್ದರೆ ಈ ಹೆಚ್ಚಳ ಶೇಕಡಾ 39ಕ್ಕೆ ಹೋಗುತ್ತದೆ. ತಲೆ ಪೂರ್ತಿ ಅರ್ಧ ಚೆಂಡಿನ ಆಕಾರದಲ್ಲಿದ್ದರೆ ಮೇಲ್ಮೈ ಎರಡರಷ್ಟು.

ಹಾಳೆ ಇಷ್ಟು ಹಿಗ್ಗಿದ ಮೇಲೆ ಮತ್ತೆ ಕುಗ್ಗಲು ನೋಡುತ್ತದೆ. ಕುಗ್ಗಿದರೆ ತಲೆಯ ಬುಡದಲ್ಲಿ, ಅಂದರೆ ರಿವಿಟ್ ಮತ್ತು ತಗಡು ಸೇರುವ ಮೂಲೆಯಲ್ಲಿ ಹಾಳೆ ಮೇಲೇಳುತ್ತದೆ. ಕೆಲಸಗಾರರು ಇದನ್ನು 'ಟೆಂಟ್ ಹೊಡೆಯುವುದು' ಎನ್ನುತ್ತಾರೆ. ಡೇರೆಯ ನಡುಗಂಬದಂತೆ ರಿವಿಟ್ ನಿಂತು, ಸುತ್ತ ಬಟ್ಟೆ ಬಿಗಿದಂತೆ ಹಾಳೆ ನಿಲ್ಲುತ್ತದೆ. ಕೂದಲೆಳೆಯಷ್ಟು ಟೆಂಟ್ ಒಳ್ಳೆಯ ಕೆಲಸದಲ್ಲೂ ಉಳಿಯುತ್ತದೆ. ಆದರೆ ಉಗುರು ತೂರುವಷ್ಟು ಇದ್ದರೆ ಆ ಸ್ಟಿಕರ್ ಹೆಚ್ಚು ದಿನ ಬಾಳುವುದಿಲ್ಲ.

ಪಾಪ್ ರಿವಿಟ್‌ಗೆ ಇನ್ನೊಂದು ಗುಣವಿದೆ. ಅದರ ತಲೆಯ ನಡುವೆ ಸಣ್ಣ ಕುಳಿ ಇರುತ್ತದೆ, ಹೊಡೆಯುವಾಗ ಮೊಳೆ ಮುರಿದುಕೊಂಡ ಜಾಗ ಅದು. ಆ ಕುಳಿಯನ್ನು ಸ್ಟಿಕರ್ ಮುಚ್ಚಿದಾಗ ಒಳಗೆ ಗಾಳಿ ಸಿಕ್ಕಿಕೊಳ್ಳುತ್ತದೆ. ಏಪ್ರಿಲ್ ಬಿಸಿಲಿಗೆ ಆ ಗಾಳಿ ಉಬ್ಬಿ ಹಾಳೆಯನ್ನು ಮೇಲಕ್ಕೆ ತಳ್ಳುತ್ತದೆ. ತಲೆಯ ಮೇಲೆ ಸಾಸಿವೆ ಕಾಳಿನಂಥ ಗುಳ್ಳೆಗಳು ಏಳುವುದು ಇದರಿಂದಲೇ, ಅಂಟಿನ ದೋಷದಿಂದಲ್ಲ.

ಎರಡು ಬಗೆಯ ವಿನೈಲ್

ಅಂಗಡಿಯಲ್ಲಿ ಎಲ್ಲವೂ 'ಸ್ಟಿಕರ್' ಎಂದೇ ಕರೆಸಿಕೊಂಡರೂ ವಿನೈಲ್ ಹಾಳೆ ತಯಾರಾಗುವ ವಿಧಾನ ಎರಡು. ಮೊದಲನೆಯದು ಕ್ಯಾಲೆಂಡರ್ಡ್. ಬಿಸಿ ಪಿ.ವಿ.ಸಿ. ಹಿಟ್ಟನ್ನು ಉರುಳೆಗಳ ನಡುವೆ ತೂರಿಸಿ, ಚಪಾತಿ ಲಟ್ಟಿಸಿದಂತೆ ತೆಳುವಾಗಿಸಿ, ಎಳೆದು ಸುತ್ತುತ್ತಾರೆ. ಈ ಎಳೆತ ಹಾಳೆಯ ಒಳಗೆ ಉಳಿದುಬಿಡುತ್ತದೆ. ಮುಂದೆ ಬಿಸಿ ತಾಗಿದಾಗಲೆಲ್ಲ ಹಾಳೆ ತನ್ನ ಹಳೆಯ ಅಳತೆಗೆ ಮರಳಲು ಹವಣಿಸುತ್ತದೆ. ಇದರ ದಪ್ಪ ಸಾಮಾನ್ಯವಾಗಿ 75ರಿಂದ 100 ಮೈಕ್ರಾನ್.

ಎರಡನೆಯದು ಕ್ಯಾಸ್ಟ್. ಇದರಲ್ಲಿ ವಿನೈಲನ್ನು ದ್ರವರೂಪದಲ್ಲಿ ನುಣುಪಾದ ಕಾಗದದ ಮೇಲೆ ತೆಳುವಾಗಿ ಸುರಿದು ಒಲೆಯಲ್ಲಿ ಒಣಗಿಸುತ್ತಾರೆ, ನೀರು ದೋಸೆ ಹೊಯ್ದಂತೆ. ಎಳೆಯುವ ಕೆಲಸವೇ ಇಲ್ಲವಾದ್ದರಿಂದ ಒಳಗೆ ಬಿಗಿತ ಇರುವುದಿಲ್ಲ. ದಪ್ಪ ಸುಮಾರು 50 ಮೈಕ್ರಾನ್. ಬಿಸಿ ಮಾಡಿದರೆ ಮೆತ್ತಗಾಗಿ ರಿವಿಟ್ ಆಕಾರಕ್ಕೆ ಬಾಗುತ್ತದೆ, ಸರಿಯಾಗಿ ಕಾಯಿಸಿದರೆ ಅದೇ ಆಕಾರದಲ್ಲಿ ನಿಲ್ಲುತ್ತದೆ. ರಿವಿಟ್ ಇರುವ ಬಾಡಿಗೆ ಹಾಳೆ ತಯಾರಿಸುವ ಕಂಪನಿಗಳು ಸೂಚಿಸುವುದು ಕ್ಯಾಸ್ಟ್ ಹಾಳೆಯನ್ನೇ. ಬೆಲೆ ಹೆಚ್ಚು, ಅದು ನಿಜ.

ಕ್ಯಾಲೆಂಡರ್ಡ್ ಹಾಳೆ ಕೆಟ್ಟದ್ದೆಂದು ಇದರ ಅರ್ಥವಲ್ಲ. ಚಪ್ಪಟೆ ಬಾಗಿಲಿಗೆ, ಕ್ಯಾಬಿನ್ ಮೇಲಿನ ಹೆಸರಿಗೆ, ಅಂಗಡಿ ಬೋರ್ಡಿಗೆ ಅದು ಧಾರಾಳವಾಗಿ ಸಾಕು. ಚಪ್ಪಟೆ ಜಾಗದ ಹಾಳೆಯನ್ನು ರಿವಿಟ್ ಸಾಲಿನ ಮೇಲೆ ಎಳೆದು ಹಚ್ಚಿದಾಗ ಮಾತ್ರ ತೊಂದರೆ. ಮುದ್ರಿತ ಚಿತ್ರದ ಮೇಲೆ ಹೊಳಪಿನ ಲ್ಯಾಮಿನೇಷನ್ ಹಾಕಿಸುವುದಾದರೆ ಅದೂ ಕ್ಯಾಸ್ಟ್ ಆಗಿರಬೇಕು. ಕೆಳಗೆ ಒಳ್ಳೆಯ ಹಾಳೆ ಹಾಕಿ ಮೇಲೆ ಅಗ್ಗದ ಲ್ಯಾಮಿನೇಷನ್ ಹಾಕಿದರೆ, ಮೇಲಿನದು ಕುಗ್ಗುವಾಗ ಕೆಳಗಿನದನ್ನೂ ಎಳೆದುಕೊಂಡು ಏಳುತ್ತದೆ. ಹಣ ಕೊಟ್ಟೂ ಕೆಲಸ ಕೆಡುವ ಸಂದರ್ಭಗಳಲ್ಲಿ ಇದೂ ಒಂದು. ಮಾಲೀಕರು ಅಂಗಡಿಯಲ್ಲಿ ರೋಲ್‌ನ ಪೆಟ್ಟಿಗೆ ಮೇಲಿನ ಚೀಟಿ ತೋರಿಸಲು ಕೇಳಬಹುದು. ಬ್ರ್ಯಾಂಡ್ ಹೆಸರೊಂದೇ ಸಾಲದು, ಏಕೆಂದರೆ ಒಂದೇ ಕಂಪನಿ ಎರಡೂ ಬಗೆಯ ಹಾಳೆ ಮಾರುತ್ತದೆ. ಹಾಳೆಯ ಸಂಖ್ಯೆಯನ್ನು ಬಿಲ್‌ನಲ್ಲಿ ಬರೆಸಿಕೊಳ್ಳುವುದು ಕ್ಷೇಮ.

ಮುದ್ರಿಸಿದ ಕೂಡಲೇ ಹಚ್ಚಿಸುವ ಆತುರವೂ ಬೇಡ. ಸಾಲ್ವೆಂಟ್ ಶಾಯಿಯಲ್ಲಿ ಮುದ್ರಿಸಿದ ಹಾಳೆಯನ್ನು ಕನಿಷ್ಠ ಒಂದು ದಿನವಾದರೂ ಬಿಡಿಬಿಡಿಯಾಗಿ ಆರಲು ಬಿಡಬೇಕು. ಹಸಿ ಶಾಯಿಯ ರಸ ಹಾಳೆಯೊಳಗೆ ಇಳಿದು ಅಂಟನ್ನು ಸಡಿಲಗೊಳಿಸುತ್ತದೆ. 'ರಾತ್ರಿಯೇ ಲೋಡ್ ಇದೆ, ಇವತ್ತೇ ಮುಗಿಸಿ' ಎಂದು ಒತ್ತಾಯ ಮಾಡುವವರು ಮಾಲೀಕರೇ ಆಗಿರುತ್ತಾರೆ ಎಂಬುದನ್ನೂ ಹೇಳಬೇಕು.

ಮೊದಲು ಬಾಡಿಯ ತಪಾಸಣೆ

ಹಾಳೆ ಎಷ್ಟೇ ಒಳ್ಳೆಯದಾದರೂ ಸಡಿಲ ರಿವಿಟ್ ಮೇಲೆ ನಿಲ್ಲುವುದಿಲ್ಲ. ಗಾಡಿ ಓಡುವಾಗ ತಗಡು ಮತ್ತು ಚೌಕಟ್ಟು ಒಂದಕ್ಕೊಂದು ಉಜ್ಜಿ ರಿವಿಟ್ ಅಲುಗಾಡುತ್ತದೆ, ಹಾಳೆ ಅದರ ಸುತ್ತ ಕೊಯ್ದುಕೊಂಡಂತೆ ಹರಿಯುತ್ತದೆ. ಅಲ್ಯೂಮಿನಿಯಂ ಬಾಡಿಯಲ್ಲಿ ರಿವಿಟ್ ತಲೆಯ ಸುತ್ತ ಕಪ್ಪು ಪುಡಿ ಅಥವಾ ಕೆಳಮುಖವಾಗಿ ಕಪ್ಪು ಗೆರೆ ಕಂಡರೆ ಅದು ಸಡಿಲವಾಗಿದೆ ಎಂದು ತಿಳಿಯಬೇಕು. ಅಂಥವನ್ನೆಲ್ಲ ಸೀಮೆಸುಣ್ಣದಲ್ಲಿ ಗುರುತು ಹಾಕಿ, ತೆಗೆದು, ಹೊಸದು ಹೊಡೆಸಬೇಕು. ತುಕ್ಕು ಹಿಡಿದ ಉಕ್ಕಿನ ರಿವಿಟ್ ಇದ್ದರೆ ಉಜ್ಜಿ, ಪ್ರೈಮರ್ ಹಾಕಿ, ಬಣ್ಣ ಹೊಡೆಸಬೇಕು. ತುಕ್ಕಿನ ಮೇಲೆ ಸ್ಟಿಕರ್ ಹಚ್ಚಿದರೆ ತುಕ್ಕು ಮರೆಯಾಗುತ್ತದೆಯೇ ಹೊರತು ನಿಲ್ಲುವುದಿಲ್ಲ. ಒಳಗೆ ನೀರು ಸಿಕ್ಕಿಕೊಂಡು ಮೊದಲಿಗಿಂತ ವೇಗವಾಗಿ ತಿನ್ನುತ್ತದೆ.

ಹೊಸ ಬಣ್ಣ ಇನ್ನೊಂದು ಸಮಸ್ಯೆ. ಹೊರಗಿನ ಗಾಳಿಯಲ್ಲೇ ಆರುವ ಸಿಂಥೆಟಿಕ್ ಎನಾಮೆಲ್ ಹೊಡೆದರೆ, ಕೈಗೆ ಒಣಗಿದಂತೆ ಕಂಡರೂ ಒಳಗಿನ ತಿನ್ನರ್ ಆವಿಯಾಗಿ ಹೊರಬರಲು ದಿನಗಳು, ಕೆಲವೊಮ್ಮೆ ವಾರಗಳೇ ಬೇಕು. ಅದಕ್ಕೆ ಮೊದಲೇ ಸ್ಟಿಕರ್ ಮುಚ್ಚಿದರೆ ಆ ಆವಿ ಗುಳ್ಳೆಯಾಗಿ ನಿಲ್ಲುತ್ತದೆ. ಪರೀಕ್ಷೆಗೆ ಒಂದು ಸುಲಭ ಉಪಾಯವಿದೆ: ಅಂಗೈ ಅಗಲದ ವಿನೈಲ್ ತುಂಡನ್ನು ಹಚ್ಚಿ ಒಂದು ದಿನ ಬಿಸಿಲಿನಲ್ಲಿ ಗಾಡಿ ನಿಲ್ಲಿಸಿ ನೋಡುವುದು. ಗುಳ್ಳೆ ಬಂದರೆ ಬಣ್ಣ ಇನ್ನೂ ಆರಿಲ್ಲ. ತುಂಡನ್ನು ಕೀಳುವಾಗ ಬಣ್ಣವೇ ಎದ್ದು ಬಂದರೆ ಬಣ್ಣದ ಹಿಡಿತ ಸರಿಯಿಲ್ಲ. ಹಳೆಯ ಬಣ್ಣವನ್ನು ಕರಿ ಬಟ್ಟೆಯಿಂದ ಒರೆಸಿದಾಗ ಬಟ್ಟೆಗೆ ಬಿಳಿ ಪುಡಿ ಹತ್ತಿದರೆ ಆ ಬಣ್ಣದ ಆಯುಷ್ಯ ಮುಗಿದಿದೆ, ಸ್ಟಿಕರ್ ಅಂಟುವುದು ಪುಡಿಗೆ ಮಾತ್ರ.

ತೊಳೆಯುವ ಕೆಲಸವನ್ನು ಈ ಭಾಗದಲ್ಲಿ ಇನ್ನಷ್ಟು ಎಚ್ಚರದಿಂದ ಮಾಡಬೇಕು. ಸೇಲಂನ ಮ್ಯಾಗ್ನಸೈಟ್ ಗಣಿಯ ಬಿಳಿ ಧೂಳು, ಮೇಟ್ಟೂರು ಉಷ್ಣ ವಿದ್ಯುತ್ ಸ್ಥಾವರದ ಹಾರುಬೂದಿ, ಸಬ್ಬಕ್ಕಿ ಕಾರ್ಖಾನೆಗಳ ಪಿಷ್ಟದ ಪುಡಿ, ಇವೆಲ್ಲ ಹೊರುವ ಗಾಡಿಗಳ ರಿವಿಟ್ ಬುಡದಲ್ಲಿ ಗಟ್ಟಿಯಾಗಿ ಕೂತಿರುತ್ತವೆ. ತಗಡಿನ ಬಯಲು ಒರೆಸಿದರೆ ಸಾಲದು, ಹಳೆಯ ಹಲ್ಲುಜ್ಜುವ ಬ್ರಷ್ ಹಿಡಿದು ಒಂದೊಂದೇ ರಿವಿಟ್ ಸುತ್ತ ತಿಕ್ಕಬೇಕು. ಮೊದಲು ಸೋಪು ನೀರು, ನಂತರ ಡೀಸೆಲ್ ಮತ್ತು ಗ್ರೀಸ್ ಕಲೆಗೆ ಸಾಲ್ವೆಂಟ್, ಕೊನೆಗೆ ಐಸೋಪ್ರೊಪೈಲ್ ಆಲ್ಕೊಹಾಲ್. ಆಲ್ಕೊಹಾಲ್ ತಾನಾಗಿ ಆರಲು ಬಿಡದೆ, ಇನ್ನೂ ಒದ್ದೆ ಇರುವಾಗಲೇ ಎರಡನೇ ಒಣ ಬಟ್ಟೆಯಿಂದ ಒರೆಸಬೇಕು. ಆರಿದರೆ ಕೊಳೆ ಅಲ್ಲಿಯೇ ಉಳಿಯುತ್ತದೆ. ಆಯುಧಪೂಜೆಗೆಂದು ಸಿಲಿಕೋನ್ ಪಾಲಿಷ್ ಹೊಡೆಸಿದ ಗಾಡಿಯಾದರೆ ಪಾಲಿಷ್ ಪೂರ್ತಿ ಹೋಗುವವರೆಗೆ ಏನೂ ಅಂಟುವುದಿಲ್ಲ.

ಅಕ್ಷರ ಎಲ್ಲಿ, ರಿವಿಟ್ ಎಲ್ಲಿ?

ವಿನ್ಯಾಸ ಮಾಡುವ ಮೊದಲು ಬಾಡಿಯ ಅಳತೆ ತೆಗೆಯುವಾಗ ರಿವಿಟ್ ಸಾಲುಗಳನ್ನೂ ಗುರುತು ಹಾಕಿಕೊಂಡು ಬರುವ ಅಂಗಡಿಯವರು ಕಡಿಮೆ. ಗೇಜಿನ ಸಮೇತ ಒಂದು ಫೋಟೋ ತೆಗೆದುಕೊಂಡರೂ ಅರ್ಧ ಕೆಲಸ ಆದಂತೆ. ಫೋನ್ ನಂಬರ್, ಸಣ್ಣ ಅಕ್ಷರ, ಮುಖದ ಚಿತ್ರ ಇವು ರಿವಿಟ್ ಸಾಲಿನ ಮೇಲೆ ಬೀಳದಂತೆ ಒಂದಿಷ್ಟು ಮೇಲೆ ಕೆಳಗೆ ಸರಿಸಿದರೆ ಮುಗಿಯಿತು.

ಗಡಿ ಭಾಗದವರಿಗೆ ಇಲ್ಲಿ ಇನ್ನೊಂದು ಸೂಕ್ಷ್ಮವಿದೆ. ಕನ್ನಡದ ಸೊನ್ನೆಯಾಗಲಿ ತಮಿಳಿನ ಪುಳ್ಳಿಯಾಗಲಿ, ದೂರದಿಂದ ಕಾಣುವುದು ರಿವಿಟ್ ತಲೆಯಂತೆಯೇ. ಅಕ್ಷರದ ಪಕ್ಕ ರಿವಿಟ್ ಬಂದರೆ ಇಲ್ಲದ ಸೊನ್ನೆ ಇದ್ದಂತೆ, ಅಕ್ಷರದ ನೆತ್ತಿಯ ಮೇಲೆ ಬಂದರೆ ಇಲ್ಲದ ಪುಳ್ಳಿ ಇಟ್ಟಂತೆ ಓದಿಸಿಕೊಳ್ಳುತ್ತದೆ. ಕನ್ನಡದ ಒತ್ತಕ್ಷರಗಳು ಸಣ್ಣವು, ಕತ್ತರಿಸಿದ ಸ್ಟಿಕರ್‌ನಲ್ಲಿ ಮೊದಲು ಎದ್ದುಹೋಗುವುದೂ ಅವೇ. ಅದರಲ್ಲೂ ಒತ್ತಕ್ಷರದ ಅಡಿಯಲ್ಲಿ ರಿವಿಟ್ ಇದ್ದರೆ ಮೊದಲ ವಾಟರ್ ಸರ್ವಿಸ್‌ಗೇ ಹೋಗುತ್ತದೆ. 'ಕೃಷ್ಣಗಿರಿ' 'ಕೃಷಗಿರಿ' ಆಗಲು ಒಂದೇ ಒಂದು ಣ-ಒತ್ತು ಬಿದ್ದರೆ ಸಾಕು.

ಸೇಲಂ ಕಡೆಯ ಅಂಗಡಿಗಳಲ್ಲಿ ತಮಿಳು ಫಾಂಟ್‌ಗಳು ಸಿದ್ಧವಾಗಿರುತ್ತವೆ, ಕನ್ನಡದ್ದು ಇರುವುದು ಅಪರೂಪ. ವಿನ್ಯಾಸದ ಹಳೆಯ ತಂತ್ರಾಂಶಗಳಲ್ಲಿ ಯೂನಿಕೋಡ್ ಕನ್ನಡ ಅಂಟಿಸಿದರೆ ಒತ್ತು, ಗುಣಿತ ಎಲ್ಲ ಬಿಡಿಬಿಡಿಯಾಗಿ ಚದುರುತ್ತವೆ. ಹೊಸೂರಿನಲ್ಲೋ ಆನೇಕಲ್‌ನಲ್ಲೋ ಕನ್ನಡ ಬಲ್ಲ ಡಿಟಿಪಿ ಅಂಗಡಿಯಲ್ಲಿ ಅಕ್ಷರ ಜೋಡಿಸಿ, ಕರ್ವ್ಸ್‌ಗೆ ಬದಲಾಯಿಸಿದ ಪಿಡಿಎಫ್ ಒಯ್ದರೆ ಈ ತೊಂದರೆ ಇರುವುದಿಲ್ಲ. ಕತ್ತರಿಸುವ ಮುನ್ನ ಕಾಗದದ ಮೇಲೆ ಒಂದು ಪ್ರತಿ ತೆಗೆಸಿ, ಕನ್ನಡ ಓದಬಲ್ಲವರಿಂದಲೇ ಓದಿಸಿ ನೋಡಬೇಕು.

ಹಚ್ಚುವ ಕ್ರಮ

ಬೇಸಿಗೆಯಲ್ಲಿ ಸೇಲಂ ಬಿಸಿಲಿಗೆ ನಿಂತ ಬಾಡಿ ಕೈ ಇಡಲಾಗದಷ್ಟು ಕಾದಿರುತ್ತದೆ. ಕಾದ ತಗಡಿಗೆ ಹಾಳೆ ತಾಗಿದ ಕೂಡಲೇ ಕಚ್ಚಿಕೊಳ್ಳುತ್ತದೆ, ಸರಿಪಡಿಸಲು ಅವಕಾಶವೇ ಸಿಗುವುದಿಲ್ಲ. ಆದ್ದರಿಂದ ಕೆಲಸ ಬೆಳಗಿನ ಹೊತ್ತು, ಶೆಡ್ಡಿನ ನೆರಳಿನಲ್ಲಿ ಆಗಬೇಕು. ಮಾರ್ಗಳಿ ತಿಂಗಳ ಚಳಿಯಲ್ಲಿ, ಹೊಸೂರು ಕಡೆಯಾದರೆ, ಬೆಳಗ್ಗೆ ತಗಡಿನ ಮೇಲೆ ಇಬ್ಬನಿ ಕೂತಿರುತ್ತದೆ. ಆಗ ಬಿಸಿಲೇರುವವರೆಗೆ ಕಾಯಬೇಕು.

ಚಪ್ಪಟೆ ಜಾಗಕ್ಕೆ ಸೋಪು ನೀರು ಸಿಂಪಡಿಸಿ ಹಚ್ಚುವುದು ನಮ್ಮ ಕಡೆಯ ರೂಢಿ. ರಿವಿಟ್ ಇರುವಲ್ಲಿ ಈ ರೂಢಿ ಬಿಡಬೇಕು. ನೀರು ರಿವಿಟ್ ಬುಡದಲ್ಲಿ ನಿಂತು ಹೊರಬರಲು ದಾರಿಯಿಲ್ಲದೆ ಉಳಿಯುತ್ತದೆ. ಅಲ್ಲಿ ಹಾಳೆಯನ್ನು ಒಣದಾಗಿಯೇ ಹಚ್ಚಬೇಕು.

ಮೊದಲು ರಿವಿಟ್‌ಗಳ ನಡುವಿನ ಬಯಲು ಭಾಗವನ್ನು ಸ್ಕ್ವೀಜಿಯಿಂದ ಒತ್ತಿ ಕೂರಿಸುತ್ತಾರೆ. ರಿವಿಟ್ ಬಂದಾಗ ಅದರ ಮೇಲೆ ಬಲವಾಗಿ ಎಳೆಯದೆ, ಹಾಳೆ ತಲೆಯ ಮೇಲೆ ಡೇರೆಯಂತೆ ಸಡಿಲವಾಗಿ ನಿಲ್ಲಲು ಬಿಟ್ಟು ಮುಂದೆ ಹೋಗುತ್ತಾರೆ. ಒಂದು ಭಾಗದ ಬಯಲು ಮುಗಿದ ಮೇಲೆ ರಿವಿಟ್‌ಗಳ ಸರದಿ. ಡೇರೆಯ ಅಂಚಿನಲ್ಲಿ, ತಲೆಯಿಂದ ತುಸು ಆಚೆ, ಸಣ್ಣ ಸೂಜಿಯಿಂದ ಎರಡು ಮೂರು ಕಡೆ ಚುಚ್ಚಬೇಕು. ಪಾಪ್ ರಿವಿಟ್ ಆದರೆ ನಡುವಿನ ಕುಳಿಯ ಮೇಲೂ ಒಂದು ಚುಚ್ಚು. ಬ್ಲೇಡಿನಿಂದ ಸೀಳಬಾರದು. ಸೂಜಿ ತೂತು ಬಿಸಿಗೆ ಹೆಚ್ಚುಕಡಿಮೆ ಮುಚ್ಚಿಕೊಳ್ಳುತ್ತದೆ, ಸೀಳು ಬಾಯಿ ಬಿಡುತ್ತದೆ. ಕೆಲವರು ತಲೆಯ ಮೇಲೆ ನಕ್ಷತ್ರದಂತೆ ಸೀಳಿ ಮಡಿಸುತ್ತಾರೆ. ಕೆಲಸ ಬೇಗ ಆಗುತ್ತದೆ, ಎದ್ದುಹೋಗುವುದೂ ಅಷ್ಟೇ ಬೇಗ.

ಚುಚ್ಚಿದ ಮೇಲೆ ಹೀಟ್ ಗನ್ ಹಿಡಿದು ಹಾಳೆ ಮೆತ್ತಗಾಗುವವರೆಗೆ ಕಾಯಿಸಿ, ಗಿಡ್ಡ ಬಿರುಸು ಕೂದಲಿನ ರಿವಿಟ್ ಬ್ರಷ್‌ನಿಂದ ಹೊರಗಿನಿಂದ ಒಳಕ್ಕೆ ವೃತ್ತಾಕಾರವಾಗಿ ಒತ್ತುತ್ತಾ ಬರಬೇಕು. ಗಾಳಿ ಸೂಜಿ ತೂತಿನಿಂದ ಹೊರಗೆ ಹೋಗುತ್ತದೆ, ಹಾಳೆ ತಲೆಯ ಆಕಾರ ಹಿಡಿಯುತ್ತದೆ. ಅಷ್ಟಕ್ಕೇ ಬಿಟ್ಟರೆ ಕೆಲಸ ಅರ್ಧ. ತಣ್ಣಗಾದ ಮೇಲೆ ಅದೇ ಜಾಗವನ್ನು ಇನ್ನೊಮ್ಮೆ ಸುಮಾರು 100 ಡಿಗ್ರಿ ಸೆಲ್ಸಿಯಸ್‌ವರೆಗೆ ಕಾಯಿಸಬೇಕು. ಹಾಳೆಯ 'ನೆನಪು' ಅಳಿಯುವುದು ಈ ಎರಡನೇ ಕಾಯಿಸುವಿಕೆಯಲ್ಲಿ. ನಿಖರ ಉಷ್ಣತೆ ಹಾಳೆಯಿಂದ ಹಾಳೆಗೆ ಬೇರೆಯಾಗಿದ್ದು, ತಯಾರಕರ ಸೂಚನಾ ಪತ್ರದಲ್ಲಿ ಇರುತ್ತದೆ. ದೂರದಿಂದಲೇ ಶಾಖ ಅಳೆಯುವ ಇನ್‌ಫ್ರಾರೆಡ್ ಥರ್ಮಾಮೀಟರ್ ಇಲ್ಲದೆ ಅಂದಾಜಿನಲ್ಲಿ ಮಾಡುವ ಕೆಲಸ ಇದಲ್ಲ. ಕೋವಿಡ್ ಕಾಲದಲ್ಲಿ ಹಣೆಗೆ ಹಿಡಿಯುತ್ತಿದ್ದ ಉಪಕರಣ ಇಷ್ಟು ಶಾಖ ಅಳೆಯುವುದಿಲ್ಲ, ಕೈಗಾರಿಕೆಯದ್ದೇ ಬೇಕು.

ನೂರಾರು ರಿವಿಟ್‌ಗೆ ಹೀಗೆ ಎರಡೆರಡು ಸಲ ಕಾಯಿಸಬೇಕಾದ್ದರಿಂದಲೇ ಕೂಲಿ ಹೆಚ್ಚು. ದರ ಇಳಿಸಲು ಚೌಕಾಸಿ ಮಾಡಿದಾಗ ಬಿಟ್ಟುಹೋಗುವುದೂ ಈ ಎರಡನೇ ಸುತ್ತೇ. ಹಚ್ಚಿದ ದಿನ ಎರಡಕ್ಕೂ ವ್ಯತ್ಯಾಸ ಕಾಣುವುದಿಲ್ಲ.

ಎರಡು ಹಾಳೆ ಸೇರುವ ಜಾಗ ರಿವಿಟ್ ಸಾಲಿನ ಮೇಲೆ ಬರಬಾರದು. ಒಂದರ ಮೇಲೊಂದು ಸುಮಾರು 12 ಮಿ.ಮೀ. ಬರುವಂತೆ, ಮೇಲಿನ ಹಾಳೆ ಕೆಳಗಿನದರ ಮೇಲೆ, ಮುಂದಿನ ಹಾಳೆ ಹಿಂದಿನದರ ಮೇಲೆ ಬರುವಂತೆ ಹಚ್ಚಬೇಕು, ಮನೆಗೆ ಹೆಂಚು ಹೊದಿಸಿದಂತೆ. ಆಗ ಮಳೆಯೂ ಎದುರುಗಾಳಿಯೂ ಅಂಚಿನೊಳಗೆ ನುಗ್ಗುವುದಿಲ್ಲ. ಎರಡು ತಗಡುಗಳ ಸಂದಿನ ಮೇಲೆ ಹಾಳೆಯನ್ನು ಸೇತುವೆಯಂತೆ ಬಿಡದೆ ಅಲ್ಲಿ ಕತ್ತರಿಸಿ ಅಂಚು ಕೂರಿಸಬೇಕು, ಏಕೆಂದರೆ ಲೋಡ್ ಗಾಡಿಯ ಬಾಡಿ ತಿರುವಿನಲ್ಲಿ ತಿರುಚಿಕೊಳ್ಳುತ್ತದೆ. ಬ್ಲೇಡ್ ಬಣ್ಣದ ಒಳಗೆ ಇಳಿಯದಂತೆ ಕೈ ಹಗುರವಿರಬೇಕು. ಉಕ್ಕಿನ ತಗಡಾದರೆ ಆ ಗೀರಿನಿಂದಲೇ ತುಕ್ಕು ಹೊರಡುತ್ತದೆ.

ಬೆಂಕಿಯ ವಿಷಯದಲ್ಲಿ ಯಾವ ರಾಜಿಯೂ ಸಲ್ಲದು. ಹೀಟ್ ಗನ್ ಇಲ್ಲವೆಂದು ಗ್ಯಾಸ್ ಟಾರ್ಚ್ ಹಿಡಿಯುವವರಿದ್ದಾರೆ. ಹಾಳೆ ಸುಟ್ಟರೆ ಪಿ.ವಿ.ಸಿ.ಯಿಂದ ಹೈಡ್ರೋಜನ್ ಕ್ಲೋರೈಡ್ ಎಂಬ ಉಸಿರುಗಟ್ಟಿಸುವ ಅನಿಲ ಬರುತ್ತದೆ. ಡೀಸೆಲ್ ಟ್ಯಾಂಕ್ ಬಳಿ, ಆಲ್ಕೊಹಾಲ್ ಒರೆಸಿದ ಬಟ್ಟೆ ಬಿದ್ದಿರುವಲ್ಲಿ ಬೆಂಕಿಯೂ ಬೇಡ, ಹೀಟ್ ಗನ್ನೂ ಬೇಡ. ಅನಿಲ ಅಥವಾ ಇಂಧನ ಟ್ಯಾಂಕರ್ ಆದರೆ, ಟ್ಯಾಂಕ್ ಖಾಲಿ ಮಾಡಿ ಒಳಗಿನ ಆವಿಯನ್ನೂ ಪೂರ್ತಿ ತೆಗೆದು ದೃಢಪಡಿಸಿಕೊಳ್ಳುವವರೆಗೆ ಹತ್ತಿರ ಶಾಖದ ಯಾವ ಉಪಕರಣವನ್ನೂ ತರಬಾರದು. ಖಾಲಿ ಟ್ಯಾಂಕರ್ ಅಪಾಯವಿಲ್ಲದ್ದು ಎಂಬುದು ತಪ್ಪು ಕಲ್ಪನೆ.

ಹೊಳೆಯುವ ಪಟ್ಟಿಯ ಲೆಕ್ಕವೇ ಬೇರೆ

ಚಿತ್ರದ ಸ್ಟಿಕರ್ ಎದ್ದರೆ ಹೋಗುವುದು ದುಡ್ಡು. ರಾತ್ರಿ ಹೊಳೆಯುವ ಪ್ರತಿಫಲಕ ಪಟ್ಟಿ ಕೆಟ್ಟರೆ ಹೋಗುವುದು ಜೀವ. ಧರ್ಮಪುರಿ–ಸೇಲಂ ನಡುವಿನ ತೊಪ್ಪೂರು ಘಾಟಿಯಲ್ಲಿ ಅಪಘಾತದ ಸುದ್ದಿ ಓದದ ಗಡಿನಾಡಿನವರಿಲ್ಲ. ಇಳಿಜಾರಿನಲ್ಲಿ ಕೆಟ್ಟು ನಿಂತ ಲಾರಿಯನ್ನು ಹಿಂದಿನಿಂದ ಬರುವ ಚಾಲಕ ಕತ್ತಲಲ್ಲಿ ಗುರುತಿಸುವುದು ಈ ಪಟ್ಟಿಯಿಂದಲೇ, ಏಕೆಂದರೆ ಬ್ಯಾಟರಿ ಕೈಕೊಟ್ಟರೂ ಹೊಳೆಯುವುದು ಇದೊಂದೇ.

ಕೇಂದ್ರ ಮೋಟಾರು ವಾಹನ ನಿಯಮಗಳ 104ನೇ ನಿಯಮ ಸರಕು ವಾಹನಗಳ ಪ್ರತಿಫಲಕಗಳಿಗೆ ಸಂಬಂಧಿಸಿದ್ದು. ಪಟ್ಟಿಯ ಬಣ್ಣ ಮುಂದೆ ಬಿಳಿ, ಹಿಂದೆ ಕೆಂಪು, ಪಕ್ಕಗಳಲ್ಲಿ ಹಳದಿ. ಪಟ್ಟಿಯ ಗುಣಮಟ್ಟಕ್ಕೆ ಎಐಎಸ್-090 ಎಂಬ ಮಾನದಂಡವಿದೆ. ಸಾಮಾನ್ಯವಾಗಿ 50 ಮಿ.ಮೀ. ಅಗಲದಲ್ಲಿ ಬರುವ ಈ ಪಟ್ಟಿಯ ಮೇಲೆಯೇ ಅನುಮೋದನೆಯ ಗುರುತು ಮುದ್ರಿತವಾಗಿರುತ್ತದೆ. ರಸ್ತೆ ಬದಿ ಮೀಟರ್ ಲೆಕ್ಕದಲ್ಲಿ ಮಾರುವ ಹೊಳಪಿನ ಟೇಪು ಹಗಲಿನಲ್ಲಿ ಅದರಂತೆಯೇ ಕಂಡರೂ ರಾತ್ರಿ ದೂರದಿಂದ ಅಷ್ಟು ಹೊಳೆಯುವುದಿಲ್ಲ.

ಈ ಪಟ್ಟಿಯ ಒಳಗೆ ಕಣ್ಣಿಗೆ ಕಾಣದಷ್ಟು ಸಣ್ಣ ಪ್ರಿಸ್ಮ್‌ಗಳಿರುತ್ತವೆ. ಅವುಗಳ ಹಿಂದೆ ಜೇನುಗೂಡಿನಂಥ ಸಣ್ಣ ಕೋಣೆಗಳಲ್ಲಿ ಗಾಳಿ ಸೀಲಾಗಿರುತ್ತದೆ. ಬೆಳಕು ಬಂದ ದಾರಿಯಲ್ಲೇ ಹಿಂದಿರುಗುವುದು ಆ ಗಾಳಿಯ ಪದರದಿಂದಾಗಿಯೇ. ಕೋಣೆಯೊಳಗೆ ನೀರು ನುಗ್ಗಿದರೆ ಆ ಭಾಗ ಹೊಳೆಯುವುದನ್ನು ನಿಲ್ಲಿಸುತ್ತದೆ. ಈಗ ರಿವಿಟ್ ವಿಚಾರಕ್ಕೆ ಬರೋಣ. ಈ ಪಟ್ಟಿ ಬಿರುಸು, ಎಷ್ಟು ಕಾಯಿಸಿದರೂ ತಲೆಯ ಆಕಾರಕ್ಕೆ ಬಾಗುವುದಿಲ್ಲ, ಹೆಚ್ಚು ಕಾಯಿಸಿದರೆ ಪ್ರಿಸ್ಮ್ ಕರಗಿ ಹಾಳಾಗುತ್ತದೆ. ಸೂಜಿಯಿಂದ ಚುಚ್ಚಿದರೆ ಕೋಣೆಗಳು ಒಡೆದು ನೀರಿಗೆ ದಾರಿಯಾಗುತ್ತದೆ. ಅಂದರೆ ಸಾಮಾನ್ಯ ವಿನೈಲ್‌ಗೆ ಹೇಳಿದ ಸೂಜಿ ಮತ್ತು ಶಾಖ ಎರಡೂ ಇಲ್ಲಿ ನಿಷಿದ್ಧ.

ಸರಿಯಾದ ಕ್ರಮವೆಂದರೆ ಪಟ್ಟಿಯನ್ನು ರಿವಿಟ್ ಸಾಲಿನಿಂದ ಮೇಲೋ ಕೆಳಗೋ ಸರಿಸಿ ಹಚ್ಚುವುದು. ಅದು ಸಾಧ್ಯವಿಲ್ಲದಿದ್ದರೆ ರಿವಿಟ್ ತಲೆಗಿಂತ ಸುತ್ತಲೂ ಸುಮಾರು 3 ಮಿ.ಮೀ. ದೊಡ್ಡದಾದ ತೂತನ್ನು ಪಟ್ಟಿಯಲ್ಲಿ ಕತ್ತರಿಸಿ, ತಲೆ ಹೊರಗೆ ಇಣುಕುವಂತೆ ಹಚ್ಚುವುದು. ಹಿಂಜ್, ಕೊಂಡಿ, ತಗಡಿನ ಸಂದು ಬಂದಲ್ಲೂ ಪಟ್ಟಿಯನ್ನು ತುಂಡರಿಸಿ ಮುಂದುವರಿಸಬೇಕು. ಕತ್ತರಿಸಿದ ಅಂಚುಗಳನ್ನು ಬೆರಳಿನಿಂದಲ್ಲ, ಗಟ್ಟಿ ರೋಲರ್‌ನಿಂದ ಒತ್ತಬೇಕು. ನೋಡಲು ಚೆನ್ನಾಗಿಲ್ಲವೆಂದು ಕೆಲವು ಮಾಲೀಕರು ಈ ತೂತುಗಳನ್ನು ಒಪ್ಪುವುದಿಲ್ಲ. ರಿವಿಟ್ ಮೇಲೆಯೇ ಹಾದುಹೋದ ಪಟ್ಟಿ ಮೊದಲ ತಿಂಗಳು ಅಂದವಾಗಿ ಕಂಡರೂ ತಲೆಗಳ ಮೇಲೆ ಬಿರುಕು ಬಿಟ್ಟು, ರಾತ್ರಿ ಟಾರ್ಚ್ ಹಿಡಿದರೆ ಹುಳು ತಿಂದ ಎಲೆಯಂತೆ ತೇಪೆ ತೇಪೆಯಾಗಿ ಹೊಳೆಯುತ್ತದೆ. ಟಾರ್ಚ್ ಪರೀಕ್ಷೆಯನ್ನು ಚಾಲಕರು ತಿಂಗಳಿಗೊಮ್ಮೆ ತಾವೇ ಮಾಡಬಹುದು. ಟಾರ್ಚನ್ನು ಕಣ್ಣಿನ ಮಟ್ಟದಲ್ಲಿ, ಕೆನ್ನೆಗೆ ತಾಗಿಸಿ ಹಿಡಿದು ನೋಡಬೇಕು, ಸೊಂಟದ ಬಳಿ ಹಿಡಿದರೆ ಸರಿಯಾಗಿ ತಿಳಿಯುವುದಿಲ್ಲ.

ಬರೆಯಲೇಬೇಕಾದವು

2018ರ ನವೆಂಬರ್‌ನ ತಿದ್ದುಪಡಿಯಂತೆ ರಾಷ್ಟ್ರೀಯ ಪರವಾನಗಿಯ ಲಾರಿಗಳು ಮುಂದೆ ಮತ್ತು ಹಿಂದೆ 'ನ್ಯಾಷನಲ್ ಪರ್ಮಿಟ್' ಅಥವಾ 'ಎನ್/ಪಿ' ಎಂದು ದಪ್ಪ ಅಕ್ಷರಗಳಲ್ಲಿ ಬರೆಸಿರಬೇಕು. ಟ್ರೇಲರ್ ಆದರೆ ಹಿಂದೆ ಮತ್ತು ಎಡಪಕ್ಕದಲ್ಲಿ. ಅಪಾಯಕಾರಿ ಸರಕಿನ ಟ್ಯಾಂಕರ್‌ಗಳಿಗೆ ಬಿಳಿ ಬಣ್ಣ. ಇಂಥ ಟ್ಯಾಂಕರ್‌ಗಳಲ್ಲಿ 134ನೇ ನಿಯಮದ ತುರ್ತು ಮಾಹಿತಿ ಫಲಕವೂ ಇರಬೇಕು: ಸರಕಿನ ಹೆಸರು 50 ಮಿ.ಮೀ.ಗೆ ಕಡಿಮೆಯಿಲ್ಲದ ಅಕ್ಷರದಲ್ಲಿ, ವಿಶ್ವಸಂಸ್ಥೆಯ ಗುರುತು ಸಂಖ್ಯೆ 100 ಮಿ.ಮೀ.ಗೆ ಕಡಿಮೆಯಿಲ್ಲದ ಅಂಕಿಯಲ್ಲಿ. ನಾಮಕ್ಕಲ್‌ನ ಅಡುಗೆ ಅನಿಲ ಟ್ಯಾಂಕರ್‌ಗಳ ಮೇಲೆ ಕಾಣುವ 1075 ಎಂಬ ಅಂಕಿ ಅದೇ. ಇವನ್ನು ಸ್ಟಿಕರ್‌ನಲ್ಲಿ ಮಾಡಿಸಿದರೆ ಒಂದು ಅಂಕಿಯೂ ಎದ್ದುಹೋಗದಂತೆ ನೋಡಿಕೊಳ್ಳಬೇಕು. ಉರುಳಿದ ಟ್ಯಾಂಕರ್ ಬಳಿಗೆ ಬರುವ ಅಗ್ನಿಶಾಮಕ ಸಿಬ್ಬಂದಿ ಮೊದಲು ಓದುವುದು ಅದನ್ನು.

ಗಾಡಿಯ ಬಣ್ಣ ಆರ್.ಸಿ.ಯಲ್ಲಿ ನಮೂದಾಗಿರುತ್ತದೆ. ಹೆಸರು, ಚಿತ್ರ ಹಚ್ಚಿಸುವುದು ಬೇರೆ, ಇಡೀ ಗಾಡಿಯ ಬಣ್ಣವೇ ಬದಲಾಗುವಂತೆ ಹೊದಿಸುವುದು ಬೇರೆ. ಎರಡನೆಯದಕ್ಕೆ ಮೊದಲೇ ಆರ್‌ಟಿಓ ಕಚೇರಿಯಲ್ಲಿ ವಿಚಾರಿಸಬೇಕು. ಮುಂದಿನ ಗಾಜಿನ ಮೇಲೆ ದೇವರ ಹೆಸರಿನ ದೊಡ್ಡ ಪಟ್ಟಿ ಹಚ್ಚಿ ಚಾಲಕನ ನೋಟಕ್ಕೆ ಅಡ್ಡಿ ಮಾಡುವುದೂ ಬೇಡ. ಹೊಸ ಸರಕು ವಾಹನಕ್ಕೆ ಎಂಟು ವರ್ಷದವರೆಗೆ ಎರಡು ವರ್ಷಕ್ಕೊಮ್ಮೆ, ಆಮೇಲೆ ವರ್ಷಕ್ಕೊಮ್ಮೆ ಎಫ್‌ಸಿ ಆಗಬೇಕು. ಸ್ಟಿಕರ್ ಕೆಲಸವನ್ನು ಎಫ್‌ಸಿಯ ಬಣ್ಣದ ಕೆಲಸದ ಜೊತೆ ಹೊಂದಿಸಿಕೊಂಡರೆ ಖರ್ಚು ಉಳಿಯುತ್ತದೆ, ಬಣ್ಣ ಆರಲು ಬೇಕಾದ ದಿನಗಳನ್ನು ಮಾತ್ರ ಲೆಕ್ಕಕ್ಕೆ ಸೇರಿಸಿಕೊಳ್ಳಬೇಕು.

ಹಚ್ಚಿದ ಮೇಲೆ

ಅಂಟು ಪೂರ್ತಿ ಹಿಡಿಯಲು ಒಂದು ದಿನವಾದರೂ ಬೇಕು, ಮೂರು ದಿನ ಬಿಟ್ಟರೆ ಇನ್ನೂ ಒಳ್ಳೆಯದು. ಅಲ್ಲಿಯವರೆಗೆ ವಾಟರ್ ಸರ್ವಿಸ್ ಬೇಡ. ನಂತರವೂ ನಳಿಕೆಯನ್ನು 30 ಸೆಂ.ಮೀ.ಗಿಂತ ಹತ್ತಿರ ತರದೆ, ನೀರು ಬೀಸಣಿಗೆಯಂತೆ ಹರಡುವ ಹಾಗೆ, ನೇರವಾಗಿ ಹಿಡಿಯಬೇಕು. ಓರೆಯಾಗಿ ಅಂಚಿಗೆ ಹಿಡಿದರೆ ಎಂಥ ಸ್ಟಿಕರ್ ಆದರೂ ಏಳುತ್ತದೆ.

ಮೊದಲ ವಾರ ಬಿಸಿಲಿನಲ್ಲಿ ಓಡಿದ ಮೇಲೆ ಗಾಡಿಯನ್ನು ಒಮ್ಮೆ ಅಂಗಡಿಗೆ ತಂದು ತೋರಿಸುವುದಾಗಿ ಮೊದಲೇ ಮಾತಾಡಿಕೊಂಡಿರಬೇಕು. ಎದ್ದಿರುವ ಉಂಗುರಗಳು ಆಗಲೇ ಕಾಣುತ್ತವೆ. ಧೂಳು ಸೇರುವ ಮುನ್ನವಾದರೆ ಒಂದು ಚುಚ್ಚು, ಸ್ವಲ್ಪ ಶಾಖ, ಬ್ರಷ್‌ನ ನಾಲ್ಕು ಸುತ್ತು ಸಾಕು. ಧೂಳು ಸೇರಿದ ಮೇಲೆ ಆ ಜಾಗದಲ್ಲಿ ಅಂಟು ಮತ್ತೆ ಹಿಡಿಯುವುದಿಲ್ಲ. ಆಗ ಆ ಭಾಗವನ್ನು ಚೌಕವಾಗಿ ತೆಗೆದು, ಮೂಲೆಗಳನ್ನು ದುಂಡಗೆ ಮಾಡಿದ ತೇಪೆ ಹಾಕಬೇಕಾಗುತ್ತದೆ. ಚೂಪು ಮೂಲೆ ಮೊದಲು ಏಳುತ್ತದೆ.

ಹಳೆಯ ಸ್ಟಿಕರ್ ತೆಗೆಯುವಾಗ ಹಾಳೆಯನ್ನು ಹದವಾಗಿ ಕಾಯಿಸಿ, ಆತುರವಿಲ್ಲದೆ ಎಳೆದರೆ ರಿವಿಟ್ ಮೇಲಿನಿಂದಲೂ ಹೆಚ್ಚು ಕಡಿಮೆ ಇಡಿಯಾಗಿ ಬರುತ್ತದೆ. ವರ್ಷಗಟ್ಟಲೆ ಬಿಸಿಲು ತಿಂದ ಅಗ್ಗದ ಹಾಳೆ ಮಾತ್ರ ಹಪ್ಪಳದಂತೆ ಪುಡಿಯಾಗುತ್ತದೆ. ಬಾಡಿಯ ಛಾವಣಿಯ ಮೇಲಿನದು ಪಕ್ಕದ್ದಕ್ಕಿಂತ ಬೇಗ ಹೀಗಾಗುತ್ತದೆ, ಬಿಸಿಲು ನೇರವಾಗಿ ಬೀಳುವುದರಿಂದ. ಉಳಿದ ಚೂರುಗಳನ್ನು ಸ್ಕ್ರೂಡ್ರೈವರ್‌ನಿಂದ ಕೆರೆದರೆ ರಿವಿಟ್‌ನ ಬಣ್ಣ ಹೋಗುತ್ತದೆ, ಪ್ಲಾಸ್ಟಿಕ್ ಬ್ಲೇಡ್ ಬಳಸಬೇಕು.